ಬರಿಗಾಲಿನ 2 ಗಂಟೆ 12 ನಿಮಿಷ ದೊಡ್ಡದೋ, ಹೊಸ ಶೂನ 27 ನಿಮಿಷ ದೊಡ್ಡದೋ?

ಪ್ರಶ್ನೆ: ಸರ್, ನಾವು ದಾವಣಗೆರೆಯ ಏಳೆಂಟು ಜನ. ದಿನಾ ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ಓಡುತ್ತೇವೆ. ಭಾನುವಾರ ಓಟ ಮುಗಿಸಿ ಬೆಣ್ಣೆ ದೋಸೆ ತಿನ್ನುತ್ತಾ ಹರಟುತ್ತೇವೆ. ಮೂರು ವಾರದಿಂದ ಒಂದೇ ವಾದ. ನಮ್ಮ ಜೊತೆ ಬರುವ ನಿವೃತ್ತ ಪಿ.ಟಿ. ಮೇಷ್ಟ್ರು, 'ಶಿವನಾಥ್ ಸಿಂಗ್ ಬರಿಗಾಲಲ್ಲಿ ಓಡಿ ಬೆಳೆದವರು, 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದವರು, ಇವತ್ತಿನವರದೆಲ್ಲ ಶೂ ಓಟ' ಅನ್ನುತ್ತಾರೆ. ಹುಡುಗರು, 'ಗುಲ್ವೀರ್ ಸಿಂಗ್ 10,000 ಮೀಟರನ್ನು 27 ನಿಮಿಷಕ್ಕೆ ಓಡಿದ್ದಾರೆ, ಹಳಬರು ಅವರ ಹತ್ತಿರಕ್ಕೂ ಬರಲ್ಲ' ಅನ್ನುತ್ತಾರೆ. ಯಾರು ಸರಿ? ಇನ್ನೊಂದು ವಿಷಯ. ನಮ್ಮಲ್ಲೊಬ್ಬ ಹರಿಹರದ ಕಡೆಗೆ 10 ಕಿಲೋಮೀಟರ್ ಓಡಿ, ವಾಚಿನಲ್ಲಿ 37 ನಿಮಿಷ 50 ಸೆಕೆಂಡ್ ತೋರಿಸುತ್ತಾನೆ. ಮೇಷ್ಟ್ರು ಒಪ್ಪುವುದೇ ಇಲ್ಲ. ಅದನ್ನು ಒಪ್ಪಬಹುದಾ?

ಉತ್ತರ: ಇಬ್ಬರೂ ಸರಿ ಅಂತ ಹೇಳಿ ಜಾರಿಕೊಳ್ಳುವ ಮನಸ್ಸು ನನಗಿಲ್ಲ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮ್ಯಾರಥಾನ್ ಮಟ್ಟಿಗೆ ನಿಮ್ಮ ಮೇಷ್ಟ್ರ ಮಾತಿಗೇ ತೂಕ ಜಾಸ್ತಿ. ಟ್ರ್ಯಾಕಿನ ಮಟ್ಟಿಗೆ ಹುಡುಗರು ಗೆಲ್ಲುತ್ತಾರೆ. ಆದರೆ ಇಬ್ಬರೂ ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ಮೇಷ್ಟ್ರು ಕಾಲು ನೋಡುತ್ತಿದ್ದಾರೆ, ಹುಡುಗರು ಗಡಿಯಾರ ನೋಡುತ್ತಿದ್ದಾರೆ. ಆ ದಿನ ಪಕ್ಕದಲ್ಲಿ ಯಾರು ಓಡುತ್ತಿದ್ದರು, ಆ ಕಾಲದ ಜಗತ್ತು ಎಷ್ಟು ಮುಂದಿತ್ತು ಅನ್ನುವುದನ್ನೂ ನೋಡಬೇಕು.

ನಾನು ಚಿತ್ರದುರ್ಗದವನು. ಶಾಲಾ ಕ್ರೀಡಾಕೂಟಗಳಲ್ಲಿ ಮೂವತ್ತು ವರ್ಷ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೇನೆ. 1997ರವರೆಗೆ ದಾವಣಗೆರೆಯೂ ನಮ್ಮ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ನಿಮ್ಮ ಕಡೆಯ ಮೈದಾನಗಳಲ್ಲೂ ಬೇಕಾದಷ್ಟು ಬಿಸಿಲು ಕಂಡಿದ್ದೇನೆ. ಬರೀ ಟೈಮಿಂಗ್ ನಂಬಬಾರದು ಅಂತ ನನಗೆ ಕಲಿಸಿದ್ದು ಒಬ್ಬ ಹುಡುಗ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಅದೊಂದು ತಾಲ್ಲೂಕು ಮಟ್ಟದ ಕೂಟ. ಒಂದು ಶಾಲೆಯ ಮೈದಾನ, ಸುಣ್ಣದಲ್ಲಿ ಗುರುತು ಹಾಕಿದ 200 ಮೀಟರಿನ ಮಣ್ಣಿನ ಟ್ರ್ಯಾಕ್. 3,000 ಮೀಟರ್ ಓಟ ಅಂದರೆ 15 ಸುತ್ತು. ಎಣಿಸುವ ಜವಾಬ್ದಾರಿ ನನ್ನದು. ಮಧ್ಯದಲ್ಲಿ ಯಾರೋ ಬಂದು ಏನೋ ಕೇಳಿದರು, ತಿರುಗಿ ಉತ್ತರ ಕೊಟ್ಟೆ. ಆಮೇಲೆ ಒಂದು ಸುತ್ತು ಮೊದಲೇ ಗಂಟೆ ಬಾರಿಸಿದೆ. ಮುಂದಿದ್ದ ಹುಡುಗ 8 ನಿಮಿಷ 50 ಸೆಕೆಂಡಿಗೆ ಬಂದ. ಮೈದಾನವೇ ಕುಣಿಯಿತು. ಅವನ ಮೇಷ್ಟ್ರು ಅವನನ್ನು ಹೆಗಲ ಮೇಲೆ ಹೊತ್ತರು. ಸಂಜೆ ಹಾಳೆಯಲ್ಲಿನ ಗೀಟುಗಳನ್ನು ಮತ್ತೆ ಎಣಿಸಿದಾಗ ಹದಿನಾಲ್ಕೇ ಇದ್ದವು. ಅಂದರೆ ಅವನು ಓಡಿದ್ದು 2,800 ಮೀಟರ್. ಅದೇ ವೇಗದಲ್ಲಿ ಪೂರ್ತಿ ಓಡಿದ್ದರೆ ಸುಮಾರು 9 ನಿಮಿಷ 28 ಸೆಕೆಂಡ್ ಆಗುತ್ತಿತ್ತು. ಅಷ್ಟು ಹೊತ್ತಿಗೆ ಎಲ್ಲರೂ ಊರಿಗೆ ಹೋಗಿಯಾಗಿತ್ತು. ನಾನು ಹೋಗಿ ಹೇಳಲಿಲ್ಲ. ಜಿಲ್ಲಾ ಕೂಟದಲ್ಲಿ ಆ ಹುಡುಗ 9 ನಿಮಿಷ 25 ಸೆಕೆಂಡಿಗೆ ಓಡಿದ. ನಿಜವಾಗಿ ಮುಂಚಿಗಿಂತ ಚೆನ್ನಾಗಿಯೇ ಓಡಿದ್ದ. ಅವನು ಮಾತ್ರ ತನ್ನ ಕಾಲು ಕೆಟ್ಟುಹೋಯಿತು ಅಂತ ಬೇಲಿ ಹತ್ತಿರ ಕೂತು ಅಳುತ್ತಿದ್ದ. ಆಗ ಹತ್ತಿರ ಹೋಗಿ ನಿಜ ಹೇಳಿದೆ, ಕ್ಷಮೆ ಕೇಳಿದೆ. ಅವತ್ತಿನಿಂದ ಯಾರಾದರೂ ಟೈಮಿಂಗ್ ಹೇಳಿದರೆ, ಎಲ್ಲಿ, ಯಾರ ಜೊತೆ, ಯಾರು ಅಳೆದರು ಅಂತ ಕೇಳುವುದು ನನಗೆ ಅಭ್ಯಾಸ.

ಈಗ ಶಿವನಾಥ್ ಸಿಂಗ್ ಅವರ ವಿಷಯಕ್ಕೆ ಬರೋಣ. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ್ದು 2 ಗಂಟೆ 12 ನಿಮಿಷ. ಆಗ ಜಗತ್ತಿನ ಅತಿ ವೇಗದ ಮ್ಯಾರಥಾನ್ ಎಷ್ಟಿತ್ತು? ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ 1969ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಓಡಿದ 2:08:34. ವ್ಯತ್ಯಾಸ ಬರೀ 3 ನಿಮಿಷ 26 ಸೆಕೆಂಡ್. ಶೇಕಡಾ ಲೆಕ್ಕದಲ್ಲಿ 2.7. ಆಂಟ್‌ವರ್ಪ್‌ನ ಆ ದಾರಿ ಅಳತೆಯಲ್ಲಿ ಸ್ವಲ್ಪ ಕಡಿಮೆ ಇತ್ತು ಅನ್ನುವ ಅನುಮಾನ ಓಟದ ಚರಿತ್ರೆ ಬರೆಯುವವರಲ್ಲಿ ಇವತ್ತಿಗೂ ಇದೆ. ಅದು ನಿಜವಾದರೆ ಶಿವನಾಥ್ ಇನ್ನೂ ಹತ್ತಿರ ಇದ್ದ ಹಾಗಾಯಿತು. ಅದಕ್ಕೆ ಎರಡು ವರ್ಷ ಮೊದಲು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಅವರು 2:16:22ರಲ್ಲಿ ಮುಗಿಸಿ ಹನ್ನೊಂದನೆಯವರಾಗಿದ್ದರು. ಜಗತ್ತಿನ ಹನ್ನೊಂದನೆಯ ಸ್ಥಾನ! ಇದನ್ನು ನಿಮ್ಮ ಹುಡುಗರು ಒಮ್ಮೆ ಜೋರಾಗಿ ಹೇಳಿಕೊಳ್ಳಲಿ.

ಇದರ ಪಕ್ಕಕ್ಕೆ ನಮ್ಮ ಕಾಲದ ಒಂದು ಒಳ್ಳೆಯ ಓಟ ಇಡೋಣ. ಟಿ. ಗೋಪಿ 2019ರಲ್ಲಿ ದಕ್ಷಿಣ ಕೊರಿಯಾದ ಸೋಲ್ ಮ್ಯಾರಥಾನಿನಲ್ಲಿ 2:13:39 ಓಡಿದರು. ಅದು ತುಂಬಾ ಗಟ್ಟಿ ಓಟ, ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆಗ ವಿಶ್ವದಾಖಲೆ ಕೆನ್ಯಾದ ಎಲಿಯುಡ್ ಕಿಪ್‌ಚೋಗೆ ಅವರ 2:01:39. ಅಂತರ ಸರಿಯಾಗಿ 12 ನಿಮಿಷ. ಶೇಕಡಾ 10ರ ಹತ್ತಿರ. ಶಿವನಾಥ್ ಅವರ ಭಾರತೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಿಂತಿತು. ಅಷ್ಟರಲ್ಲಿ ಜಗತ್ತು ಎಂಟು ನಿಮಿಷ ಮುಂದೆ ಹೋಗಿತ್ತು.

ಯಾಕೆ ಹೀಗಾಯಿತು? ನನಗೆ ಕಾಣುವ ದೊಡ್ಡ ಕಾರಣ ನಮ್ಮ ವ್ಯವಸ್ಥೆಯಲ್ಲಿದೆ. ನಮ್ಮಲ್ಲಿ ಚೆನ್ನಾಗಿ ಓಡುವ ಹುಡುಗ ಸೇನೆಗೋ ರೈಲ್ವೆಗೋ ಸೇರುತ್ತಾನೆ. ಅಲ್ಲಿ ವರ್ಷಕ್ಕೆ ಹತ್ತಾರು ಕೂಟ, ಎಲ್ಲದರಲ್ಲೂ ಪದಕ ಬೇಕು. ಮ್ಯಾರಥಾನ್ ಅಂದರೆ ವರ್ಷಕ್ಕೆ ಎರಡೇ ಓಟ, ಅದಕ್ಕೆ ತಿಂಗಳುಗಟ್ಟಲೆ ತಯಾರಿ. ಒಂದು ಓಟ ಕೆಟ್ಟರೆ ಅರ್ಧ ವರ್ಷ ಹೋಯಿತು. ಬಡ ಮನೆಯ ಹುಡುಗ ಅಷ್ಟು ದೊಡ್ಡ ಬಾಜಿ ಹೇಗೆ ಕಟ್ಟುತ್ತಾನೆ? 5,000, 10,000ದಲ್ಲೇ ಉಳಿಯುತ್ತಾನೆ.

ಟ್ರ್ಯಾಕಿನ ಕಥೆ ಬೇರೆ. ಇದನ್ನು ನಿಮ್ಮ ಮೇಷ್ಟ್ರು ನಿಧಾನವಾಗಿ ಓದಬೇಕು. 10,000 ಮೀಟರಿನಲ್ಲಿ ಹರಿಚಂದ್ ಅವರು ಮಾಂಟ್ರಿಯಲ್‌ನಲ್ಲಿ 28:48.72 ಓಡಿ ತಮ್ಮ ಅರ್ಹತಾ ಸುತ್ತಿನಲ್ಲಿ ಎಂಟನೆಯವರಾದರು. ಆಗಿನ ವಿಶ್ವದಾಖಲೆ ಬ್ರಿಟನ್ನಿನ ಡೇವಿಡ್ ಬೆಡ್‌ಫರ್ಡ್ ಅವರ 27:30.8. ಅಂತರ ಶೇಕಡಾ 4.7. ಮೂವತ್ತೆರಡು ವರ್ಷ ಆದ ಮೇಲೆ, 2008ರಲ್ಲಿ, ಸುರೇಂದ್ರ ಸಿಂಗ್ 28:02.89 ಓಡಿ ಹರಿಚಂದ್ ಅವರ ಭಾರತೀಯ ದಾಖಲೆ ಮುರಿದರು. ಸುಮಾರು 46 ಸೆಕೆಂಡ್ ಕಡಿಮೆ. ಎಲ್ಲರೂ ಪ್ರಗತಿ ಅಂದೆವು. ಆದರೆ ಅಷ್ಟರಲ್ಲಿ ಇಥಿಯೋಪಿಯಾದ ಕೆನೆನಿಸಾ ಬೆಕೆಲೆ 26:17.53ಕ್ಕೆ ತಂದು ನಿಲ್ಲಿಸಿದ್ದರು. ಅಂತರ ಶೇಕಡಾ 6.7ಕ್ಕೆ ಹಿಗ್ಗಿತ್ತು. ಗಡಿಯಾರದಲ್ಲಿ ಮುಂದೆ ಹೋಗಿದ್ದೆವು, ಜಗತ್ತಿನ ಎದುರು ಹಿಂದೆ ಬಿದ್ದಿದ್ದೆವು. ಬರೀ ಟೈಮಿಂಗ್ ನೋಡಿದವರಿಗೆ ಇದು ಕಾಣಲೇ ಇಲ್ಲ.

ಈಗ ಗುಲ್ವೀರ್. 2025ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 27:00.22. ಉಗಾಂಡದ ಜೋಶುವಾ ಚೆಪ್ಟೆಗೈ 2020ರಲ್ಲಿ ಮಾಡಿದ 26:11ರ ದಾಖಲೆಗೆ ಹೋಲಿಸಿದರೆ ಅಂತರ ಶೇಕಡಾ 3.1. ಹರಿಚಂದ್ ಅವರಿಗಿಂತಲೂ ಹತ್ತಿರ. ಈ ದೂರದಲ್ಲಿ ಭಾರತ ಕಂಡ ಅತ್ಯುತ್ತಮ ಓಟಗಾರ ಗುಲ್ವೀರ್ ಅಂತ ನಾನು ಎರಡು ಮಾತಿಲ್ಲದೆ ಹೇಳುತ್ತೇನೆ. ಶೂ ಲೆಕ್ಕ ಇಲ್ಲಿ ಅಡ್ಡ ಬರುವುದಿಲ್ಲ. ಯಾಕೆಂದರೆ ಚೆಪ್ಟೆಗೈ ಕಾಲಲ್ಲೂ ಹೊಸ ಶೂ ಇತ್ತು. ಇಬ್ಬರಿಗೂ ಒಂದೇ ಕಾಲ, ಒಂದೇ ಸೌಲಭ್ಯ.

ಈ ಅಳತೆಗೂ ಒಂದು ಮಿತಿ ಇದೆ. ಬೆಕೆಲೆ ಅಂಥ ಒಬ್ಬ ಅಸಾಧಾರಣ ಮನುಷ್ಯ ಬಂದರೆ ದಾಖಲೆ ಹದಿನೈದು ವರ್ಷ ದೂರ ಹೋಗಿ ಕೂರುತ್ತದೆ, ಉಳಿದವರೆಲ್ಲ ಚಿಕ್ಕವರಾಗಿ ಕಾಣುತ್ತಾರೆ. ಹಾಗಾಗಿ ಪದಕ, ಸ್ಥಾನ ಎರಡನ್ನೂ ಜೊತೆಗಿಟ್ಟುಕೊಂಡೇ ನೋಡಬೇಕು.

ಇನ್ನು ಶೂ. ಮೇಷ್ಟ್ರ ಸಿಟ್ಟಿನಲ್ಲಿ ನಿಜ ಇದೆ. 2017ರಲ್ಲಿ ನೈಕಿ ಕಂಪನಿಯ ವೇಪರ್‌ಫ್ಲೈ ಬಂತು. ದಪ್ಪ, ತುಂಬಾ ಹಗುರವಾದ, ಒತ್ತಿದರೆ ಪುಟಿಯುವ ಫೋಮ್. ಅದರೊಳಗೆ ಬಾಗಿದ ಕಾರ್ಬನ್ ಪಟ್ಟಿ. ಪ್ರಯೋಗಾಲಯದಲ್ಲಿ ಅಳೆದಾಗ, ಅದೇ ವೇಗದಲ್ಲಿ ಓಡಲು ದೇಹ ಖರ್ಚು ಮಾಡುವ ಶಕ್ತಿ ಸರಾಸರಿ ಶೇಕಡಾ 4ರಷ್ಟು ಕಡಿಮೆಯಾಯಿತು. ಶಕ್ತಿ ಶೇಕಡಾ 4 ಉಳಿದರೆ ಸಮಯವೂ ಶೇಕಡಾ 4 ಉಳಿಯುತ್ತದೆ ಅಂತ ಅಲ್ಲ. ವೇಗ ಹೆಚ್ಚಾದಷ್ಟೂ ಗಾಳಿಯ ತಡೆ ಹೆಚ್ಚುತ್ತದೆ, ಹಾಗಾಗಿ ಸಮಯದಲ್ಲಿ ಸಿಗುವ ಲಾಭ ಅದಕ್ಕಿಂತ ಕಡಿಮೆ. ಎಲ್ಲರಿಗೂ ಒಂದೇ ಲಾಭವೂ ಇಲ್ಲ, ಒಬ್ಬನ ಹೆಜ್ಜೆಗೆ ಹೊಂದಿದ್ದು ಇನ್ನೊಬ್ಬನಿಗೆ ಹೊಂದದು. 2020ರಲ್ಲಿ ಇದಕ್ಕೆ ಕಡಿವಾಣ ಬಂತು. ರಸ್ತೆ ಓಟದ ಶೂ ಅಡಿ 40 ಮಿಲಿಮೀಟರ್ ದಾಟುವಂತಿಲ್ಲ, ಪಟ್ಟಿ ಒಂದೇ ಇರಬೇಕು. ಟ್ರ್ಯಾಕಿನಲ್ಲಿ 2024ರ ನವೆಂಬರ್‌ನಿಂದ ಎಲ್ಲ ಓಟಗಳಿಗೂ 20 ಮಿಲಿಮೀಟರ್ ಮಿತಿ. ಗುಲ್ವೀರ್ 27 ನಿಮಿಷ ಓಡಿದ್ದು ಈ ಬಿಗಿ ನಿಯಮ ಬಂದ ಮೇಲೆ.

ಆದರೆ 'ಶಿವನಾಥ್‌ಗೆ ಈ ಶೂ ಕೊಟ್ಟಿದ್ದರೆ 2 ಗಂಟೆ 7 ನಿಮಿಷ ಓಡುತ್ತಿದ್ದರು' ಅನ್ನುವ ಲೆಕ್ಕ ಬೇಡ. ಬರಿಗಾಲು ಬರೀ ನಷ್ಟ ಅಲ್ಲ. ಶೂ ತೂಕ ಪ್ರತಿ ಕಾಲಿಗೆ 100 ಗ್ರಾಂ ಹೆಚ್ಚಾದರೆ ಶಕ್ತಿ ಖರ್ಚು ಶೇಕಡಾ 1ರಷ್ಟು ಹೆಚ್ಚುತ್ತದೆ. ಬರಿಗಾಲಿಗೆ ಆ ಹೊರೆ ಇಲ್ಲ. ಇಥಿಯೋಪಿಯಾದ ಅಬೇಬೆ ಬಿಕಿಲಾ 1960ರ ಒಲಿಂಪಿಕ್ಸ್‌ನಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ 2:15:16 ಓಡಿ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ 2:12:11ಕ್ಕೆ ಗೆದ್ದರು. ಎರಡೂ ಸಲ ಅವರು ಜಗತ್ತಿನಲ್ಲಿ ಮೊದಲಿಗರೇ. ಮೂರು ನಿಮಿಷ ಶೂ ಕೊಟ್ಟಿದ್ದಾ, ನಾಲ್ಕು ವರ್ಷದ ತಯಾರಿ ಕೊಟ್ಟಿದ್ದಾ? ಬಿಡಿಸಿ ಹೇಳಲು ಆಗುವುದಿಲ್ಲ. ಶಿವನಾಥ್ ವಿಷಯದಲ್ಲೂ ಅಷ್ಟೇ. ಅವರ ಹಿರಿಮೆಗೆ ಊಹೆಯ ನಿಮಿಷಗಳು ಬೇಕಾಗಿಲ್ಲ, ಓಡಿದ ನಿಮಿಷಗಳೇ ಸಾಕು.

ಹುಡುಗರಿಗೆ ಒಂದು ಮಾತು. 27:00.22 ಬಂದ ಆ ಓಟವನ್ನು ಗುಲ್ವೀರ್ ಗೆಲ್ಲಲಿಲ್ಲ. ಎರಡು ತಿಂಗಳ ನಂತರ ದಕ್ಷಿಣ ಕೊರಿಯಾದ ಗುಮಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್. ಅಲ್ಲಿ 10,000 ಮೀಟರ್ ಮುಗಿಸಿದ್ದು 28:38.63ಕ್ಕೆ. ಒಂದೂವರೆ ನಿಮಿಷಕ್ಕೂ ಜಾಸ್ತಿ ನಿಧಾನ. ಆದರೆ ಚಿನ್ನ! ಕ್ಯಾಲಿಫೋರ್ನಿಯಾದ ಓಟ ವೇಗಕ್ಕಾಗಿಯೇ ಏರ್ಪಡಿಸಿದ್ದು. ರಾತ್ರಿ ತಂಪು, ಮುಂದೆ ಎಳೆದುಕೊಂಡು ಹೋಗುವವರು, ಎಲ್ಲರಿಗೂ ಟೈಮಿಂಗ್ ಬೇಕು. ಚಾಂಪಿಯನ್‌ಷಿಪ್‌ನಲ್ಲಿ ಯಾರಿಗೂ ಮುಂದೆ ಹೋಗುವ ಆಸೆ ಇರುವುದಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು, ಮೊಣಕೈ ತಾಗಿಸಿಕೊಂಡು ಇಪ್ಪತ್ತು ಸುತ್ತು ಕಾಯುತ್ತಾರೆ. ಕೊನೆಯ ಸುತ್ತುಗಳಲ್ಲಿ ಕಾಲು, ತಲೆ ಎರಡೂ ಇದ್ದವನು ಗೆಲ್ಲುತ್ತಾನೆ. ನನ್ನನ್ನು ಕೇಳಿದರೆ ಗುಮಿಯ ಓಟವೇ ದೊಡ್ಡದು.

ಇದೇ ಕಾರಣಕ್ಕೆ, 'ದೂರದ ಓಟದಲ್ಲಿ ನಿಮ್ಮ ಮೆಚ್ಚಿನ ಭಾರತೀಯ ಯಾರು' ಅಂದರೆ ನಾನು ಹೇಳುವ ಹೆಸರು ನಿಮ್ಮ ವಾದದಲ್ಲಿ ಬರಲೇ ಇಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ. 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಅಡ್ಡಗಟ್ಟೆ, ನೀರಿನ ಗುಂಡಿ ಹಾರುತ್ತಾ ಓಡುವ ಓಟದಲ್ಲಿ, 1998ರಿಂದ 2018ರವರೆಗೆ ಪ್ರತಿ ಕಾಮನ್‌ವೆಲ್ತ್ ಕೂಟದಲ್ಲೂ ಮೂರೂ ಪದಕ ಕೆನ್ಯಾದ್ದೇ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಬ್ಳೆ 8:11.20 ಓಡಿ ಬೆಳ್ಳಿ ತಂದರು. ಚಿನ್ನ ಗೆದ್ದ ಅಬ್ರಹಾಂ ಕಿಬಿವೋಟ್ ಅವರಿಗೂ ಇವರಿಗೂ ಅಂತರ ಸೆಕೆಂಡಿನ ನೂರರಲ್ಲಿ ಐದು ಭಾಗ. ಕಣ್ಣು ಮಿಟುಕಿಸುವಷ್ಟೂ ಇಲ್ಲ. ಕೊನೆಯ ಅಡ್ಡಗಟ್ಟೆ ದಾಟಿ ಅವರು ಕೆನ್ಯಾದವರ ಭುಜಕ್ಕೆ ಭುಜ ಕೊಟ್ಟು ಬಂದದ್ದನ್ನು ನಾನು ಟಿ.ವಿ. ಮುಂದೆ ಎದ್ದು ನಿಂತು ನೋಡಿದೆ. ಆಮೇಲೆ 2024ರಲ್ಲಿ ಪ್ಯಾರಿಸ್‌ನಲ್ಲಿ 8:09.91ಕ್ಕೂ ಇಳಿಸಿದರು. ಆದರೂ ನನಗೆ ನೆನಪಿರುವುದು ಬರ್ಮಿಂಗ್‌ಹ್ಯಾಮ್.

ಟೈಮಿಂಗ್ ಹೋಲಿಸುವಾಗ ಹೇಗೆ ಅಳೆದದ್ದು ಅಂತಲೂ ನೋಡಬೇಕು. ಮಿಲ್ಖಾ ಸಿಂಗ್ 1960ರ ರೋಮ್‌ನಲ್ಲಿ 400 ಮೀಟರ್ ಓಡಿದಾಗ ಕೈಯಲ್ಲಿ ಒತ್ತುವ ಸ್ಟಾಪ್‌ವಾಚಿನಲ್ಲಿ 45.6, ಯಂತ್ರದಲ್ಲಿ 45.73. 1998ರಲ್ಲಿ ಕೋಲ್ಕತ್ತಾದಲ್ಲಿ ಪರಮ್‌ಜೀತ್ ಸಿಂಗ್ ಯಂತ್ರದಲ್ಲಿ 45.70 ಓಡಿದರು. ದಾಖಲೆ ಮುರಿಯಿತಾ ಇಲ್ಲವಾ ಅಂತ ದೇಶವೆಲ್ಲ ವಾದ. ಯಂತ್ರವನ್ನು ಯಂತ್ರದ ಜೊತೆ ಹೋಲಿಸಿದರೆ ಮುರಿದಿತ್ತು, ಅಷ್ಟೇ. ಕೈಯಲ್ಲಿ ಅಳೆದ 100 ಮೀಟರ್ ಸಮಯವನ್ನು ಯಂತ್ರದ್ದಕ್ಕೆ ಹೋಲಿಸಲು 0.24 ಸೆಕೆಂಡ್ ಕೂಡಿಸುವ ರೂಢಿ ಇದೆ. ನಮ್ಮ ಶಾಲಾ ಕೂಟಗಳಲ್ಲಿ ಇನ್ನೂ ದೊಡ್ಡ ತಪ್ಪು ನಡೆಯುತ್ತದೆ. 100 ಮೀಟರ್ ದೂರದಲ್ಲಿ ಪಿಸ್ತೂಲಿನ ಹೊಗೆ ನೋಡಿ ವಾಚ್ ಒತ್ತಬೇಕು. ಸದ್ದು ಕೇಳಿ ಒತ್ತಿದರೆ, ಸದ್ದು ನಿಮ್ಮ ಕಿವಿಗೆ ಬರುವಷ್ಟರಲ್ಲಿ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ. 11.9ರ ಹುಡುಗ 11.6 ಆಗುತ್ತಾನೆ.

2020ರಲ್ಲಿ ಕಂಬಳದ ಓಟಗಾರರೊಬ್ಬರು 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದಾಗ, '100 ಮೀಟರಿಗೆ 9.55, ಉಸೇನ್ ಬೋಲ್ಟ್‌ಗಿಂತ ವೇಗ' ಅಂತ ಎಲ್ಲೆಡೆ ಹಬ್ಬಿತು. ನಿಮ್ಮ ಗುಂಪಿನಲ್ಲೂ ಬಂದಿರಬೇಕು. ಅದು ಬರೀ ಭಾಗಾಕಾರ. ಬೋಲ್ಟ್ ಅವರ 9.58ರಲ್ಲಿ ಗುಂಡಿನ ಸದ್ದಿಗೆ ಕಾಲು ಎತ್ತಲು ಹಿಡಿದ 0.146 ಸೆಕೆಂಡೂ ಸೇರಿದೆ, ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಹೆಜ್ಜೆಗಳೂ ಸೇರಿವೆ. ಕಂಬಳದಲ್ಲಿ ಕೋಣಗಳ ಎಳೆತ ಇದೆ, ಕೆಸರು ಇದೆ. ಅದೊಂದು ಬೇರೆಯೇ ವಿದ್ಯೆ, ಬೇರೆಯೇ ಧೈರ್ಯ. ಬೋಲ್ಟ್ ಅವರನ್ನು ಆ ಗದ್ದೆಗೆ ಇಳಿಸಿದರೆ ಹತ್ತು ಹೆಜ್ಜೆ ನಿಲ್ಲುವುದೂ ಕಷ್ಟ. ಎರಡನ್ನೂ ಬೇರೆ ಬೇರೆಯಾಗಿ ಗೌರವಿಸೋಣ.

ಈಗ ನಿಮ್ಮ ಗೆಳೆಯನ 37:50. ಅಷ್ಟು ಓಡುವವನು ನಿಜಕ್ಕೂ ಚೆನ್ನಾಗಿ ಓಡುತ್ತಾನೆ, ಅದರಲ್ಲಿ ಅನುಮಾನ ಬೇಡ. ಆದರೆ ದಾವಣಗೆರೆಯಿಂದ ಹರಿಹರದ ಕಡೆ ಅಂದರೆ ಹೊಳೆಯ ಕಡೆ. ಒಟ್ಟಿನಲ್ಲಿ ದಾರಿ ತುಂಗಭದ್ರೆಗೆ ಇಳಿಯುತ್ತದೆ. ರಸ್ತೆ ಓಟದ ದಾಖಲೆಗೆ ಕಿಲೋಮೀಟರಿಗೆ 1 ಮೀಟರ್‌ಗಿಂತ ಜಾಸ್ತಿ ಇಳಿಜಾರು ಇರಬಾರದು. ಅಂದರೆ 10 ಕಿಲೋಮೀಟರಿಗೆ 10 ಮೀಟರ್. ಶುರುವಾದ ಜಾಗಕ್ಕೂ ಮುಗಿದ ಜಾಗಕ್ಕೂ ನೇರ ಅಂತರ ಓಟದ ಅರ್ಧ ದೂರ ಮೀರಬಾರದು. ಗಾಳಿ ಪೂರ್ತಿ ಬೆನ್ನಿಗೇ ಬೀಸಬಾರದು ಅಂತ ಈ ನಿಯಮ. ಕೆನ್ಯಾದ ಜೆಫ್ರಿ ಮುಟಾಯ್ 2011ರಲ್ಲಿ ಬಾಸ್ಟನ್‌ನಲ್ಲಿ 2:03:02 ಓಡಿದರು, ಆಗಿನ ವಿಶ್ವದಾಖಲೆಗಿಂತ 57 ಸೆಕೆಂಡ್ ಕಡಿಮೆ. ದಾಖಲೆ ಅಂತ ಸಿಗಲಿಲ್ಲ, ಯಾಕೆಂದರೆ ಬಾಸ್ಟನ್ ದಾರಿ ಊರಿಂದ ಊರಿಗೆ ಹೋಗುತ್ತದೆ, ಇಳಿಯುತ್ತದೆ. ನಿಮ್ಮ ಗೆಳೆಯನದ್ದೂ ಅದೇ ಕಥೆ.

ಗಾಳಿ ಬಗ್ಗೆ ಚಿತ್ರದುರ್ಗದವನಾಗಿ ಹೇಳಲೇಬೇಕು. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬರುತ್ತದೆ, ಹರಿಹರಕ್ಕೆ ಹೋಗುವವನ ಎದೆಗೆ ಹೊಡೆಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ, ಬೆನ್ನು ತಳ್ಳುತ್ತದೆ. ಗೆಳೆಯ ಜುಲೈನಲ್ಲಿ ಓಡಿ 37:50 ತಂದಿದ್ದರೆ ಮೇಷ್ಟ್ರು ಸ್ವಲ್ಪ ಮೆತ್ತಗಾಗಬೇಕು. ಡಿಸೆಂಬರ್ ಆದರೆ ಮೇಷ್ಟ್ರೇ ಸರಿ.

ವಾಚಿನ ವಿಷಯ ಚಿಕ್ಕದು. ಉಪಗ್ರಹದ ಗುರುತು ಆ ಕಡೆ ಈ ಕಡೆ ಜಿಗಿಯುತ್ತದೆ. ಹಾಗಾಗಿ ವಾಚ್ ಸಾಮಾನ್ಯವಾಗಿ ಓಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ದೂರ ತೋರಿಸುತ್ತದೆ. 10 ಅಂದಾಗ ನಿಜವಾಗಿ 9.9 ಇರಬಹುದು. ನೇರ ಹೆದ್ದಾರಿಯಲ್ಲಿ ಈ ತಪ್ಪು ಕಡಿಮೆ, ಮರ, ಕಟ್ಟಡ, ತಿರುವು ಇದ್ದ ಕಡೆ ಜಾಸ್ತಿ. ಅಧಿಕೃತ ಓಟದ ದಾರಿಯನ್ನು ವಾಚಿನಲ್ಲಿ ಅಳೆಯುವುದಿಲ್ಲ. ಸೈಕಲ್ ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ಅದರ ಮೇಲೂ ದಾರಿ ಕಡಿಮೆ ಆಗದಿರಲಿ ಅಂತ ಕಿಲೋಮೀಟರಿಗೆ 1 ಮೀಟರ್ ಹೆಚ್ಚು ಸೇರಿಸುತ್ತಾರೆ.

ವಾದ ಮುಗಿಸಲು ಒಂದೇ ದಾರಿ. 400 ಮೀಟರ್ ಟ್ರ್ಯಾಕ್ ಸಿಗುವ ಮೈದಾನಕ್ಕೆ ಬೆಳಿಗ್ಗೆ ಆರಕ್ಕೆ ಹೋಗಿ, ಬಿಸಿಲು ಏರುವ ಮೊದಲು. 25 ಸುತ್ತು. ಒಂದನೇ ಲೇನಿನಲ್ಲೇ ಓಡಲಿ. ಎರಡನೇ ಲೇನಿನಲ್ಲಿ ಒಂದು ಸುತ್ತು 407 ಮೀಟರ್ ಆಗುತ್ತದೆ, 25 ಸುತ್ತಿಗೆ 176 ಮೀಟರ್ ಜಾಸ್ತಿ ಓಡಿದ ಹಾಗೆ. ನಡೆಯಲು ಬಂದ ಹಿರಿಯರಿಗೆ ಮೊದಲೇ ಕೈಮುಗಿದು ಒಂದನೇ ಲೇನ್ ಬಿಡಿಸಿಕೊಳ್ಳಿ. 37:50 ಬರಬೇಕಾದರೆ ಪ್ರತಿ ಸುತ್ತು 91 ಸೆಕೆಂಡಿನ ಒಳಗೆ ಬರಬೇಕು. ಮೊದಲ ನಾಲ್ಕು ಸುತ್ತು 93ರಲ್ಲಿ ಇಟ್ಟುಕೊಂಡರೆ ಕೊನೆಗೆ ಉಸಿರು ಉಳಿಯುತ್ತದೆ.

ಸುತ್ತು ಎಣಿಸಲು ನಿಮ್ಮ ಮೇಷ್ಟ್ರನ್ನೇ ಕೂರಿಸಿ. ಕೈಗೆ ಒಂದು ಹಾಳೆ ಕೊಡಿ, ಪ್ರತಿ ಸುತ್ತಿಗೂ ಗೀಟು ಹಾಕಿ ಪಕ್ಕದಲ್ಲಿ ಸಮಯ ಬರೆಯಲಿ. ಓಟ ಮುಗಿಯುವವರೆಗೆ ಯಾರೂ ಅವರನ್ನು ಮಾತಾಡಿಸಬೇಡಿ.